ಮಿರಗದ ಮಳೆ ಮತ್ತು ಬಡಿಗನ ಮನೆಯ ಸೊಟ್ಟ ಕಿಟಕಿ

ಇನ್ನು ನಗುವಂಥದ್ದು ಏನೂ ಆಗಲಿಕ್ಕಿಲ್ಲ ಎಂದು ನಾನು ಹಲಗೆ ಹೆರೆಯುವ ರಂದಾ ಕೆಳಗಿಟ್ಟು ಚಹಾ ಕೈಗೆತ್ತಿಕೊಂಡ ಹೊತ್ತಿಗೇ ಯಾರದಾದರೂ ಫೋನು ಬರುತ್ತದೆ: ‘ಕಿಡಕಿ ಮುಚ್ಚವಲ್ದು, ಜಲ್ದಿ ಬರ್ರಿ.’ ನಾನು ಸೇಡಂನ ಬಡಿಗ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ತನಕ ಕಿಟಕಿ-ಬಾಗಿಲು ಮಾಡಿಕೊಟ್ಟಿದ್ದೇನೆ. ಮಾಡಿಕೊಡುವುದು ಒಂದು ಸಲ, ನೆಟ್ಟಗೆ ಮಾಡಲು ಹೋಗುವುದು ಜನ್ಮಪೂರ್ತಿ.

ಕಿಟಕಿ ಯಾಕೆ ಸೊಟ್ಟಗಾಗುತ್ತದೆ ಎಂಬುದರಲ್ಲಿ ದೊಡ್ಡ ಗುಟ್ಟೇನಿಲ್ಲ. ಮರ ಕಡಿದು ಹಲಗೆ ಮಾಡಿದ ಮೇಲೂ ಕಟ್ಟಿಗೆ ನೀರು ಕುಡಿಯುವ ಚಟ ಬಿಡುವುದಿಲ್ಲ. ಮಳೆಗಾಲದಲ್ಲಿ ಕುಡಿದು ಉಬ್ಬುತ್ತದೆ, ನಮ್ಮ ಕಡೆಯ ಬೇಸಿಗೆಯಲ್ಲಿ ಒಣಗಿ ಸೊರಗುತ್ತದೆ. ಒಂದು ಮಗ್ಗುಲು ಹೆಚ್ಚು ಕುಡಿದು ಇನ್ನೊಂದು ಮಗ್ಗುಲು ಕಡಿಮೆ ಕುಡಿದರೆ ತಿರುಚಿಕೊಳ್ಳುತ್ತದೆ. ಇಷ್ಟೇ ಶಾಸ್ತ್ರ. ಆದರೆ ಗಿರಾಕಿಗೆ ಇದನ್ನು ಹೇಳಿ ನೋಡಿ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲವನ್ನು ಯಾರೂ ಬೈಯುವುದಿಲ್ಲ, ನೇರವಾಗಿ ಬಡಿಗನನ್ನೇ ಬೈಯುತ್ತಾರೆ.

ಈ ವರ್ಷ ಬೈದವಳು ನನ್ನ ಹೆಂಡತಿ. ನಮ್ಮ ಮನೆಯ ಪಡಸಾಲೆಯ ಕಿಟಕಿ ಎಷ್ಟೋ ಮಳೆಗಾಲದಿಂದ ಮುಚ್ಚಿಲ್ಲ. ಮಳೆ ಬಂದಾಗಲೆಲ್ಲ ಅದರ ಬಾಯಿಗೆ ಗೋಣಿಚೀಲ ತುರುಕುತ್ತೇವೆ. ಎದುರು ಮನೆಯವನದೋ ಅಲ್ಯುಮಿನಿಯಂ ಕಿಟಕಿಯ ಅಂಗಡಿ. ಮನುಷ್ಯ ಒಳ್ಳೆಯವನೇ, ನನ್ನನ್ನು ಬಾಯ್ತುಂಬ ಅಣ್ಣಾ ಅನ್ನುತ್ತಾನೆ. ಆದರೆ ನಮ್ಮ ಗೋಣಿಚೀಲ ಕಂಡಾಗಲೆಲ್ಲ ಅವನ ಮುಖದಲ್ಲಿ ಒಂದು ನಗು ಬರುತ್ತದೆ. ಯುಗಾದಿಯ ಮರುದಿನ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು:

“ಕೇಳ್ರಿಲ್ಲಿ, ಮಿರಗದ ಮಳಿಗಿ ಈ ಕಿಡಕಿಯಿಂದ ಒಂದು ಹನಿ ಒಳಗ ಬಂತಂದ್ರ, ಎದುರು ಮನಿ ತಮ್ಮಗ ಹೇಳಿ ಅಲ್ಯುಮಿನಿಯಂ ಕೂಡಿಸ್ತೀನಿ. ಶರತ್ತು ಇದು.”

ಬಡಿಗನ ಮನೆಗೆ ಅಲ್ಯುಮಿನಿಯಂ ಕಿಟಕಿ! ನಾಳೆ ಯಾವ ಮುಖ ಹೊತ್ತು ಗಿರಾಕಿಯ ಮುಂದೆ ಸಾಗವಾನಿಯ ಗುಣಗಾನ ಮಾಡಲಿ? ‘ಆಗಲಿ’ ಎಂದೆ. ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಇನ್ನೂ ಬೇಕಾದಷ್ಟು ದಿನ ಇದ್ದವು. ಆದರೆ ಊರೂರ ಕಿಟಕಿಗಳು ನನ್ನನ್ನು ಮನೆಯಲ್ಲಿ ಕೂಡಲು ಬಿಡಬೇಕಲ್ಲ. ಅವು ಎಂಥವು ಎಂದು ತಿಳಿಯಬೇಕಾದರೆ ಹಿಂದಿನ ವರ್ಷಗಳ ನಾಲ್ಕು ಕಿಟಕಿಗಳ ಕತೆ ಕೇಳಿ.

೧. ಮುಹೂರ್ತದ ಚೌಕಟ್ಟು

ಚಿತ್ತಾಪುರದಲ್ಲಿ ಒಬ್ಬ ಮಾಸ್ತರರು ಮನೆ ಕಟ್ಟಿಸಿದರು. ತಮ್ಮ ಹೊಲದ ಬೇವಿನ ಮರವನ್ನೇ ಕಡಿಸಿ ಸೀಳಿಸಿ ನನ್ನ ಮುಂದೆ ತಂದು ಹಾಕಿದರು. ಹಲಗೆ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು.

“ಮಾಸ್ತರ್ರ, ಇದು ಇನ್ನಾ ಹಸಿ ಅದ. ನೆರಳಾಗ ಒಟ್ಟಿ ಒಣಗಸ್ರಿ. ಒಂದು ಬ್ಯಾಸಿಗಿ ದಾಟ್ಲಿ,” ಅಂದೆ.

“ಅದ್ಹ್ಯಾಂಗ ಆಗ್ತದ? ಅಯ್ನೋರು ಗುರುವಾರ ಮುಹೂರ್ತ ಕೊಟ್ಟಾರ. ಅದು ತಪ್ಪಿದ್ರ ಮುಂದ ಒಳ್ಳೇ ಮುಹೂರ್ತನೇ ಇಲ್ಲಂತ.”

ಪಂಚಾಂಗದ ಮುಂದೆ ಬಡಿಗನ ಮಾತು ಯಾವ ಲೆಕ್ಕ? ಗುರುವಾರ ಚೌಕಟ್ಟು ನಿಂತಿತು. ಅರಿಷಿಣ, ಕುಂಕುಮ, ಮಾವಿನ ಎಲೆ, ಕಾಯಿ ಎಲ್ಲ ಆಯಿತು. ಹೊಸ ಗೋಡೆ ಹಸಿ ಇರಬೇಕೆಂದು ಮಾಸ್ತರರ ಅತ್ತೆ ಮುಂಜಾನೆ ಸಂಜೆ ಪೈಪು ಹಿಡಿದು ಗೋಡೆಗೆ ನೀರು ಹೊಡೆದರು. ಪಾಪ, ಗೋಡೆಯ ಜೊತೆಗೆ ಚೌಕಟ್ಟಿಗೂ ಬಾಯಾರಿರಬಹುದೆಂದು ಅದಕ್ಕೂ ಹೊಡೆದರು. ಮುಂದಿನ ಬೇಸಿಗೆ ಮುಗಿಯುವುದರೊಳಗೆ ಎಲ್ಲ ಚೌಕಟ್ಟುಗಳೂ ಸೊಂಟ ತಿರುವಿ ನಿಂತವು. ಮಾಸ್ತರರು ನನ್ನನ್ನೂ ಅಯ್ಯನವರನ್ನೂ ಒಟ್ಟಿಗೇ ಕರೆಸಿದರು. ಅಯ್ಯನವರು ಕಿಟಕಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. “ಮುಹೂರ್ತ ಬಿಲ್ಕುಲ್ ನೆಟ್ಟಗಿತ್ತು. ಬಡಿಗ್ಯಾನ ಗ್ರಹಚಾರನೇ ಸರಿ ಇಲ್ಲ,” ಅಂದರು.

ಮರುವರ್ಷ ಅದೇ ಅಯ್ಯನವರು ಸ್ವಂತ ಮನೆ ಕಟ್ಟಲು ಹೊರಟು ನನ್ನನ್ನೇ ಕರೆಸಿದರು. ಹಲಗೆಗಳನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವ ಹಾಗೆ ಚೆಂದಾಗಿ ಒಟ್ಟಿಸಿದ್ದರು. ನಾನು ಕೈ ಮುಗಿದು ಕೇಳಿದೆ: “ಮುಹೂರ್ತ ಯಾವಾಗ್ರಿ, ಅಯ್ನೋರ?”

ಅವರು ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು: “ಮೊದಲ ಕಟ್ಟಿಗಿ ಒಣಗ್ಲಿ ತಮ್ಮಾ. ಮುಹೂರ್ತ ನನ್ನ ಕೈಯಾಗದ. ಕಟ್ಟಿಗಿ ಒಣಗೂದು ನನ್ನ ಕೈಯಾಗಿಲ್ಲ.”

೨. ಕೂಲರ್ ಹಿಡಿದ ಕಿಟಕಿ

ನಮ್ಮ ಭಾಗದಲ್ಲಿ ಬೇಸಿಗೆ ಬಂತೆಂದರೆ ದೇವರು ಜಗಲಿಯ ಮೇಲೆ, ಕೂಲರ್ ಕಿಟಕಿಯ ಮೇಲೆ. ಆ ಕೂಲರಿನಲ್ಲಿ ಹುಲ್ಲಿನ ಮೆತ್ತೆ, ಮೆತ್ತೆಯ ಮೇಲೆ ದಿನಪೂರ್ತಿ ಸುರಿಯುವ ನೀರು, ಆ ನೀರು ಸೋರುವುದು ಕಿಟಕಿಯ ಚೌಕಟ್ಟಿನ ಮೇಲೆ. ಹೊರಗಡೆ ಬೆಂಕಿಯಂಥ ಬಿಸಿಲು, ಒಳಗಡೆ ಹನಿಹನಿ ಅಭಿಷೇಕ. ಕಟ್ಟಿಗೆ ಸೊಟ್ಟಗಾಗದೆ ಏನು ಮಾಡೀತು?

ಶಹಾಬಾದದಲ್ಲಿ ಕಲ್ಲಿನ ಖಣಿಯ ಲೇಬರ್ ಮೇಸ್ತ್ರಿಯೊಬ್ಬರ ಮನೆ. ಗೋಡೆ ಕಲ್ಲಿಂದು, ನೆಲ ಕಲ್ಲಿಂದು, ಮೇಲಿನ ಛತ್ತೂ ಕಲ್ಲುಚಪ್ಪಡಿಯ ಪರಸಿಯದು. ಇಡೀ ಮನೆಯಲ್ಲಿ ಮೆತ್ತಗಿದ್ದದ್ದು ಕಿಟಕಿ ಒಂದೇ. ನಾನು ಹೋದದ್ದು ಚಳಿಗಾಲದಲ್ಲಿ. ಮನೆಮಂದಿಯೆಲ್ಲ ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಾರೆ, ಅವರ ನಡುವೆ ಕಿಟಕಿಯಲ್ಲಿ ಕೂಲರ್ ಹಾಯಾಗಿ ಕೂತಿದೆ.

“ಮೇಸ್ತ್ರಿ, ಚಳಿಗಾಲದಾಗ ಕೂಲರ್ ಯಾಕ್ರಿ?”

“ನಾವೇನು ಬೇಕಂತ ಇಟ್ಟೀವೇನು? ಕಿಡಕಿ ಅದನ್ನ ಹಿಡಕೊಂಡದ, ಬಿಡವಲ್ದು.”

ನಿಜವೇ. ಚೌಕಟ್ಟು ನೀರು ಕುಡಿದು ಕುಡಿದು ಬಾಗಿ ಕೂಲರನ್ನು ತಬ್ಬಿಕೊಂಡಿತ್ತು. ಮೇಸ್ತ್ರಿ, ಅವರ ಮಗ, ನಾನು ಮೂವರೂ ಸೇರಿ ಹಿಡಿದು ಎಳೆದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ಆಯಿತು. ಕೂಲರ್ ಹೊರಗೆ ಬಂತು, ಕಿಟಕಿಯ ಸಮೇತ. ಮೂವರೂ ಅಂಗಾತ ಬಿದ್ದೆವು, ನಮ್ಮ ಮೇಲೆ ಕೂಲರ್, ಕೂಲರಿನ ಕೊರಳಲ್ಲಿ ಹಾರದ ಹಾಗೆ ಚೌಕಟ್ಟು.

ಮೇಸ್ತ್ರಿಯ ತಾಯಿ ಮೂಲೆಯಿಂದ ಎದ್ದು ಬಂದು, ಗೋಡೆಯಲ್ಲಿ ಬಿದ್ದ ದೊಡ್ಡ ಕಿಂಡಿಯ ಮುಂದೆ ನಿಂತು, ಹೊರಗಿನ ಗಾಳಿಗೆ ಮುಖ ಒಡ್ಡಿದಳು. “ಬ್ಯಾಸಿಗ್ಯಾಗ ಕೂಲರ್ ಹಾಕಿದ್ರೂ ಇಷ್ಟು ಗಾಳಿ ಬಂದಿದ್ದಿಲ್ಲ ನೋಡಪ್ಪಾ. ಹಿಂಗೇ ಇರ್ಲಿ ಬಿಡು,” ಅಂದಳು.

ಅವತ್ತು ಹೊಸ ಚೌಕಟ್ಟು ಕೂಡಿಸಿ, ಕೂಲರನ್ನು ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಕಟ್ಟಿಗೆಗೆ ತಾಗದಂತೆ ಒಂದು ಗೇಣು ದೂರ ಇಡಿಸಿ ಬಂದೆ. ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಕೈಸನ್ನೆ ಮಾಡಿ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಮಂದಿ ಕಿಡಕಿ ಆತು. ನಮ್ಮ ಕಿಡಕಿ?” ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಸುಮ್ಮನೆ ಅಲ್ಲ.

೩. ಗಾಡಿ ಹೇಳುವ ಕಿಟಕಿ

ವಾಡಿಯಲ್ಲಿ ಹಳಿಗೆ ಹತ್ತಿರವೇ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರ ಮನೆ. ಒಂದು ಮಳೆಗಾಲದಲ್ಲಿ ಇವರ ಕಿಟಕಿಗಳೆಲ್ಲ ಉಬ್ಬಿ ಬಿಗಿಯಾದವು. ತಾಳ್ಮೆ ಇಲ್ಲದ ಮನುಷ್ಯ, ಯಾರಿಂದಲೋ ರಂದಾ ಇಸಕೊಂಡು ತಾವೇ ಹೆರೆದು ಹಾಕಿದರು. ಮಳೆಗಾಲದಲ್ಲಿ ಉಬ್ಬಿದ ಕದವನ್ನು ಹೆರೆಯಬಾರದು, ಬೇಸಿಗೆಯಲ್ಲಿ ಅದು ತಾನೇ ಸೊರಗುತ್ತದೆ. ಸಾಹೇಬರ ಕದಗಳು ಬೇಸಿಗೆಯಲ್ಲಿ ಎಷ್ಟು ಸೊರಗಿದವೆಂದರೆ, ಗಾಡಿ ಹೋದಾಗಲೆಲ್ಲ ಮನೆಯ ಕಿಟಕಿಗಳೆಲ್ಲ ಗಡಗಡ ಕುಣಿಯತೊಡಗಿದವು.

ನಾನು ಹೋಗಿ ಅಂಚಿಗೆಲ್ಲ ಪಟ್ಟಿ ಬಡಿದು, ಕದ ತಿರುಗುವ ಕಬ್ಜಾ ಬಿಗಿದು, ಎಲ್ಲ ಗಪ್‌ಚುಪ್ ಮಾಡಿ ಬಂದೆ. ವಾರ ಕಳೆಯುವುದರೊಳಗೆ ಫೋನು.

“ಏನಪಾ, ಏನು ಮಾಡಿಟ್ಟು ಹೋದಿ? ಕಣ್ಣಿಗಿ ಕಣ್ಣು ಹತ್ತವಲ್ದು!”

“ಯಾಕ್ರಿ ಸಾಹೇಬ್ರ, ಇನ್ನಾ ಸಪ್ಪಳ ಬರ್ತದೇನು?”

“ಸಪ್ಪಳ ಬರವಲ್ದು, ಅದೇ ತಕರಾರು! ಯಾವ ಗಾಡಿ ಬಂತು, ಯಾವ ಗಾಡಿ ಹೋತು, ಒಂದೂ ತಿಳೀವಲ್ದು. ಮುಂಜಾನಿ ಗಾಡಿ ಸಪ್ಪಳಕ್ಕ ನಾ ಏಳ್ತಿದ್ದೆ. ಒಂದರ ಕಿಡಕಿ ಸಡಿಲು ಮಾಡಿ ಕೊಡು.”

ಕಿಟಕಿ ಬಿಗಿ ಮಾಡಿ ಹೊಟ್ಟೆ ಹೊರೆಯುವ ನಾನು ಮೊದಲ ಸಲ ಹೇಳಿಸಿಕೊಂಡು ಸಡಿಲು ಮಾಡಿದೆ. ಕೆಲವು ದಿನದ ಮೇಲೆ ಆ ಕಡೆ ಹೋದಾಗ ಒಳಗೆ ಕರೆದು ಚಹಾ ಕೊಟ್ಟು ಬೆನ್ನು ಚಪ್ಪರಿಸಿದರು. “ಭೇಷ್! ನಿನ್ನ ಕೈಗುಣ ದೊಡ್ಡದು. ಮೊದಲ ಮುಂಜಾನಿ ಗಾಡಿ ದಿನಾ ಲೇಟ್ ಬರ್ತಿತ್ತು. ನೀ ಕಿಡಕಿ ಸಡಿಲು ಮಾಡಿದ್ಮ್ಯಾಲ ಒಂದು ದಿನಾನೂ ಲೇಟಿಲ್ಲ.”

ನಾನು ತಲೆ ಕೆರೆದುಕೊಳ್ಳುತ್ತ ಹೊರಗೆ ಬಂದರೆ, ಅವರ ಹೆಂಡತಿ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. “ಗಾಡಿ ಇನ್ನಾ ಲೇಟೇ ಬರ್ತದ ಅಣ್ಣಾ. ದಿನಾ ಹೊತ್ತಿಗಿ ಸರಿಯಾಗಿ ಹೊರಗ ನಿಂತು ಕಿಡಕಿ ಅಲುಗಾಡಸಾಕಿ ನಾನೇ. ಇಲ್ಲಂದ್ರ ಇವ್ರು ಎದ್ದು ಹಾಲು ಯಾವಾಗ ತರಬೇಕು?”

೪. ಎಣ್ಣೆ ಕುಡಿದ ಕಿಟಕಿ

ಕಿಟಕಿ ಸೊಟ್ಟಗಾಗಬಾರದೆಂದರೆ ಮಳೆಗಾಲಕ್ಕೆ ಮೊದಲೇ ಕಟ್ಟಿಗೆಗೆ ಅಗಸಿ ಎಣ್ಣೆ ಕುಡಿಸಬೇಕು. ಕಾಣುವ ಕಡೆ ಒಂದೇ ಅಲ್ಲ, ಮೇಲೆ, ಕೆಳಗೆ, ಅಂಚು, ಬೆನ್ನು, ಎಲ್ಲ ಕಡೆ. ಚಿಂಚೋಳಿಯಲ್ಲಿ ಒಬ್ಬ ಕಿರಾಣಿ ಅಂಗಡಿಯವನಿಗೆ ಇದನ್ನು ಬಾಯಿಪಾಠ ಮಾಡಿಸಿ ಬಂದಿದ್ದೆ. ಆ ಮನುಷ್ಯನಿಗೆ ಒಂದು ಸಣ್ಣ ವಿಚಾರ ಹೊಳೆದಿದೆ. ಮನೆಯಲ್ಲಿ ಮಗಳ ನಿಶ್ಚಿತಾರ್ಥ ಆಗಿತ್ತು, ಭಜಿ ಕರಿದ ಎಣ್ಣೆ ದೊಡ್ಡ ಬೋಗುಣಿಯಲ್ಲಿ ಹಾಗೇ ಉಳಿದಿತ್ತು. ಎಣ್ಣೆ ಎಂದ ಮೇಲೆ ಎಣ್ಣೆಯೇ ಅಲ್ಲವೇ? ಇಡೀ ಮನೆಯ ಕಿಟಕಿಗಳಿಗೆ ಹೊಟ್ಟೆ ತುಂಬ ಕುಡಿಸಿಬಿಟ್ಟ.

ಮಳೆಗಾಲದ ನಡುವೆ ನಾನು ಹೋದಾಗ ಮನೆಯನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ಓಣಿಯ ತುದಿಯಿಂದಲೇ ಮಿರ್ಚಿ ಭಜಿಯ ವಾಸನೆ. ಕಿಟಕಿಯ ಕೆಳಗೆ ಓಣಿಯ ಬೆಕ್ಕುಗಳೆಲ್ಲ ಪಂಕ್ತಿಗೆ ಕೂತ ಹಾಗೆ ಕೂತಿದ್ದವು. ನಾನು ನೋಡುತ್ತಿದ್ದಂತೆಯೇ ದಾರಿಹೋಕನೊಬ್ಬ ನಿಂತು ಕಿಟಕಿಯಲ್ಲಿ ತಲೆ ಹಾಕಿ, “ಒಂದು ಪ್ಲೇಟ್ ಕೊಡ್ರಿ,” ಅಂದ.

“ಏನು ಮಾಡಿಟ್ಟಿ ಮಾರಾಯಾ?” ಎಂದು ನಾನು ಹಣೆ ಬಡಿದುಕೊಂಡೆ.

ಅಂಗಡಿಯವನಿಗೆ ಕಿಂಚಿತ್ತೂ ಬೇಸರವಿಲ್ಲ. ಕದ ತೆಗೆದು ಮುಚ್ಚಿ ತೋರಿಸಿದ. “ನೀನೇ ನೋಡು, ಎಷ್ಟು ಸಲೀಸು ಮುಚ್ಚತದ. ಕಿಡಕಿ ಕೆಟ್ಟಿಲ್ಲ ಬಿಡು. ಆದ್ರ ಮಳಿ ಬಂದು ಮುಚ್ಚಿದಾಗೊಮ್ಮೆ ಮನಿಯಾಗ ಎಲ್ಲರಿಗೂ ಹಸಿವಿ ಆಗ್ತದ. ನಾ ಮೂರು ಸಲ ಅಂಗಿ ಹೊಲಿಸೀನಿ, ಒಂದೂ ಗುಂಡಿ ಹತ್ತವಲ್ದು.”

೫. ಮಿರಗ

ಈ ವರ್ಷವೂ ಹೀಗೇ ಮಂದಿಯ ಕಿಟಕಿ ಸುತ್ತಿ ಸುತ್ತಿ ಮಿರಗ ಹತ್ತಿರ ಬಂತು. ಹೆಂಡತಿ ಮಾತಾಡುವುದನ್ನೇ ಬಿಟ್ಟಿದ್ದಳು. ಎದುರು ಮನೆಯವನ ಜೊತೆ ಮಾತ್ರ ಗಾಜು ಹಸಿರು ಇರಲೋ ನೀಲಿ ಇರಲೋ ಎಂದು ಚರ್ಚೆ ನಡೆಸಿದ್ದಳು. ಇನ್ನು ಸುಮ್ಮನಿದ್ದರೆ ಮಾನ ಉಳಿಯುವುದಿಲ್ಲವೆಂದು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತೆ.

ನಮ್ಮ ಕಿಟಕಿ ಸೊಟ್ಟಗಾದದ್ದಕ್ಕೆ ಕಾರಣ ನನಗೆ ಮೊದಲೇ ಗೊತ್ತು. ಒಣ ಕಟ್ಟಿಗೆಯೆಲ್ಲ ಗಿರಾಕಿಗಳ ಮನೆಗೆ ಹೋಗಿ, ಉಳಿದ ಹಸಿ ತುಂಡು ನಮ್ಮ ಮನೆಗೆ ಬಂದಿತ್ತು. ಕಾಣುವ ಕಡೆ ಬಣ್ಣ, ಕಾಣದ ಕಡೆ ದೇವರೇ ಗತಿ. ಈಗ ಕದಗಳನ್ನು ಬಿಚ್ಚಿ ಗಾಜು ತೆಗೆದಿಟ್ಟೆ. ನೆಲಕ್ಕೆ ಹಾಸಿ, ಮೇಲೆ ಶಹಾಬಾದ ಪರಸಿಯ ಭಾರ ಹೇರಿ ನೆಟ್ಟಗೆ ಮಾಡಿದೆ. ಬೆನ್ನಿಗೆ ಅಡ್ಡಪಟ್ಟಿ ಕೊಟ್ಟೆ. ಎಲ್ಲ ಮಗ್ಗುಲಿಗೂ ಅಗಸಿ ಎಣ್ಣೆ ಕುಡಿಸಿದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಲು ಜಾಗ ಬೇಕಲ್ಲ, ಅದಕ್ಕೆ ಸುತ್ತಲೂ ಒಂದು ನಾಣ್ಯ ಆಡುವಷ್ಟು ಸಂದು ಬಿಟ್ಟು, ಗಾಜು ಮತ್ತೆ ಹಾಕಿ ಕೂಡಿಸಿದೆ. ಇಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ನನ್ನಂಥ ಶಾಣ್ಯಾ ಇರುತ್ತಿರಲಿಲ್ಲ.

ಆಗ ಎದುರು ಮನೆಯವನು ಬಂದು ಹೊರಗಿನಿಂದಲೇ ಒಂದು ಕಣ್ಣು ಮುಚ್ಚಿ ಸಂದಿಯಲ್ಲಿ ಇಣುಕಿದ. “ಅಣ್ಣಾ, ಒಳಗ ಬೆಳಕು ಬರ್ಲಿಕತ್ತದ. ಬೆಳಕು ಬರೋ ಹಾದ್ಯಾಗ ಮಳಿ ಬರಂಗಿಲ್ಲೇನು?”

ಹೆಂಡತಿ ಒಳಗಿನಿಂದ ಯಾರದೋ ಲಗ್ನಪತ್ರಿಕೆ ತಂದು ಸಂದಿಯಲ್ಲಿ ತೂರಿಸಿದಳು. ಅದು ಸರ್ರನೆ ಹೊರಗೆ ಹೋಗಿ ಎದುರು ಮನೆಯವನ ಕೈಗೇ ಬಿತ್ತು. ಅವನು ಅದನ್ನು ಓದಿ, “ಲಗ್ನ ಚಿಮ್ಮನಚೋಡದಾಗ ಅದ ನೋಡ್ರಿ,” ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಕದದ ಅಂಚಿಗೆಲ್ಲ ತೆಳ್ಳನೆಯ ಪಟ್ಟಿ ಬಡಿದು ಸಂದು ಮುಚ್ಚಿದೆ. ಆ ಪಟ್ಟಿ ಒಣಗಿದೆಯೋ ಇಲ್ಲವೋ, ಎಣ್ಣೆ ಕುಡಿದಿದೆಯೋ ಇಲ್ಲವೋ, ನೋಡುವ ತಾಳ್ಮೆ ಎಲ್ಲಿತ್ತು? ಅದೇ ಹುಮ್ಮಸ್ಸಿನಲ್ಲಿ ತಲಬಾಗಿಲಿಗೂ ಬಡಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಎರಡೂ ಡಬ್ಬಿಯ ಮುಚ್ಚಳದ ಹಾಗೆ ಗಪ್ಪನೆ ಕೂತವು. ಲಗ್ನಪತ್ರಿಕೆ ತೂರಲಿಲ್ಲ.

ಮಿರಗ ಸುರಿಯಿತು. ಹಗಲೂ ರಾತ್ರಿ ಸುರಿಯಿತು. ಪಡಸಾಲೆ ಒಣಒಣ! ನನ್ನವ್ವ ಕಿಟಕಿಯ ಕೆಳಗಿನ ಗೋಡೆಯನ್ನು ಅಂಗೈಯಿಂದ ಸವರಿ, “ಒಂದು ಹನಿ ಇಲ್ಲ ನೋಡವ್ವಾ,” ಎಂದು ಸೊಸೆಗೆ ಸಾಕ್ಷಿ ಹೇಳಿದಳು. ನನಗೆ ಕುಣಿಯುವುದೊಂದು ಬಾಕಿ. ಮುಂಜಾನೆ ಅಂಗಡಿಗೆ ಹೊರಟಾಗ ಬಾಗಿಲು ಕೊಂಚ ಹಟ ಮಾಡಿತು. ‘ಎಷ್ಟು ಬಿಗಿ, ಎಂಥ ಕೈಕೆಲಸ!’ ಎಂದು ನನಗೆ ನಾನೇ ಹಿಗ್ಗಿ, ಜೋರಾಗಿ ಎಳೆದು ಮುಚ್ಚಿ ಹೋದೆ. ದಿನವಿಡೀ ಜಡಿಮಳೆ. ಸಂಜೆ ಬರುವಾಗ ಎದುರು ಮನೆಯವನನ್ನು ಕೈ ಹಿಡಿದೇ ಎಳೆದುಕೊಂಡು ಬಂದೆ. “ಬಾ, ಕಣ್ಣಾರೆ ನೋಡು. ಕಟ್ಟಿಗಿ ಅಂದ್ರ ಏನಂತ ತೋರಸ್ತೀನಿ.”

ಬಾಗಿಲು ನೂಕಿದೆ. ಬರಲಿಲ್ಲ. ಒಳಗಿನಿಂದ ಹೆಂಡತಿ ಎಳೆದಳು, ಹೊರಗಿನಿಂದ ನಾವಿಬ್ಬರೂ ಭುಜ ಕೊಟ್ಟೆವು. ಗೋಡೆಯನ್ನು ನೂಕಿದ ಹಾಗಾಯಿತು. ಬಾಗಿಲು ಬಿಟ್ಟು ಕಿಟಕಿಗೆ ಬಂದೆವು. ಅವಳು ಒಳಗಿನಿಂದ ದೂಡಿದಳು, ಅವ್ವ ಅವಳ ಬೆನ್ನಿಗೆ ಕೈ ಕೊಟ್ಟು ದೂಡಿದಳು. ಕಿಟಕಿ ಮಿಸುಕಲಿಲ್ಲ. ಪಟ್ಟಿಗಳು ಕಂಠಪೂರ್ತಿ ಕುಡಿದು ಉಬ್ಬಿ ಕೂತಿದ್ದವು. ನಮ್ಮದು ಸಾಲುಮನೆ, ಹಿಂದೆ ಬಾಗಿಲಿಲ್ಲ.

“ಉಳಿ ಹಾಕಿ ಎಬ್ಬಸೂಣೇನು ಅಣ್ಣಾ?” ಎಂದ ಎದುರು ಮನೆಯವನು.

“ನಾ ಮಾಡಿದ ಬಾಗಲಕ್ಕ ನಾನೇ ಉಳಿ ಹಾಕಲೇನು? ಬಿಲ್ಕುಲ್ ಇಲ್ಲ!”

“ಹಂಗಾದ್ರ ನಮ್ಮ ಏಣಿ ತರ್ತೀನಿ. ಮಾಳಗಿ ಮ್ಯಾಲೆ ಏರಿ ಮೆಟ್ಟಲದಿಂದ ಒಳಗ ಇಳೀರಿ.”

ಅವನ ಏಣಿ ಅಲ್ಯುಮಿನಿಯಂದು. ನಾನು ಮುಖ ತಿರುವಿದೆ. ಮಳೆ ಇನ್ನೂ ಜೋರಾಯಿತು. ಒಳಗೆ ಅವ್ವ ಬಿಸಿ ಭಜಿಯ ತಟ್ಟೆ ಹಿಡಿದು ಗಾಜಿನ ಹತ್ತಿರ ತಂದು, “ಮಗಾ, ಆರಿ ಹೋಗ್ಲಿಕತ್ತಾವು, ಜಲ್ದಿ ಬಾ,” ಎಂದಳು. ಆ ಕಿಟಕಿ ಎಷ್ಟು ಬಿಗಿ ಎಂದರೆ ಭಜಿಯ ವಾಸನೆ ಕೂಡ ಹೊರಗೆ ಬರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಚಿಂಚೋಳಿಯ ಬೆಕ್ಕುಗಳೇ ನನಗಿಂತ ಪುಣ್ಯ ಮಾಡಿದ್ದವು.

ಹೆಂಡತಿ ಒಂದು ಭಜಿ ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಅಗಿದು, ಗಾಜಿಗೆ ಮುಖ ಹತ್ತಿಸಿ ಕೂಗಿ ತೀರ್ಪು ಕೊಟ್ಟಳು: “ಶರತ್ತು ನೀವೇ ಗೆದ್ರಿ! ಒಂದು ಹನಿ ಒಳಗ ಬಂದಿಲ್ಲ. ನೀವೂ ಬಂದಿಲ್ಲ!”

ಎದುರು ಮನೆಯವನು ಬಿದ್ದು ಬಿದ್ದು ನಕ್ಕ. ನಾನೂ ಎಷ್ಟು ಹೊತ್ತು ಬಿಗಿ ಹಿಡಿಯಲಿ? ತೋಯ್ದು ತೊಪ್ಪೆಯಾಗಿ, ಹೊಟ್ಟೆ ಹಿಡಿದುಕೊಂಡು ಅವನಿಗಿಂತ ಜೋರಾಗಿ ನಕ್ಕೆ. ಆಮೇಲೆ ತೆಪ್ಪಗೆ ಆ ಏಣಿ ಏರಿದೆ. ಕಾಲಡಿಯ ಅಲ್ಯುಮಿನಿಯಂ ಒಂದಿಷ್ಟೂ ಅಲುಗಾಡಲಿಲ್ಲ ಎಂಬ ಮಾತನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಮಾಳಿಗೆ ಹತ್ತಿ, ಮೆಟ್ಟಿಲ ಬಾಗಿಲು ತೆಗೆಸಿಕೊಂಡು, ನೀರು ಸುರಿಸುತ್ತ ಸ್ವಂತ ಮನೆಗೆ ಕಳ್ಳನ ಹಾಗೆ ಇಳಿದೆ. ಒಣಗಿದ್ದ ಪಡಸಾಲೆಯನ್ನು ಮಿರಗದಿಂದ ಕಾಪಾಡಿದ ನಾನೇ ನಿಂತಲ್ಲಿ ಹಸಿ ಮಾಡಿದೆ.

ಹೊರಗಿನಿಂದ ಎದುರು ಮನೆಯವನು ಕೂಗಿದ: “ಅಣ್ಣಾ, ಏಣಿ ತಗೊಂಡು ಹೋಗ್ಲೇನು?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕಿಟಕಿಯ ಕಡೆ ಓಡಿದಳು.

“ಬ್ಯಾಡೋ ತಮ್ಮಾ, ಅಲ್ಲೇ ಇರ್ಲಿ ಅದು! ಮಳಿಗಾಲ ಮುಗಿಯೋತನ ನಮ್ಮನಿ ತಲಬಾಗಲ ಅದೇ!”